ಬಸ್ ಹತ್ತಲಾಗದೆ ಉಳಿದವರ ಲೆಕ್ಕ ಯಾರ ಹತ್ತಿರ ಇದೆ?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ, ವಯಸ್ಸು 19. ನಮ್ಮ ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜು 18 ಕಿ.ಮೀ. ಬೆಳಿಗ್ಗೆ ಇರುವುದು ಒಂದೇ ಸರ್ಕಾರಿ ಬಸ್. ಅದೂ ಹಿಂದಿನ ಊರುಗಳಲ್ಲೇ ತುಂಬಿ ಬರುತ್ತದೆ. ವಾರದಲ್ಲಿ ಎರಡು ಮೂರು ದಿನ ನಮ್ಮ ಸ್ಟಾಪಿನಲ್ಲಿ ನಿಲ್ಲಿಸುವುದೇ ಇಲ್ಲ. ಇದೇ ಕಾರಣಕ್ಕೆ ನನ್ನ ಇಬ್ಬರು ಗೆಳತಿಯರು ಕಾಲೇಜು ಬಿಟ್ಟರು. ನಾವು ಹತ್ತು ಹನ್ನೆರಡು ಜನ ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಗಿಡ ನೆಟ್ಟೆವು, ಜಾಥಾ ಮಾಡಿದೆವು, ಬಸ್ಸಿಗಾಗಿ ಒಂದು ದಿನ ರಸ್ತೆಯಲ್ಲಿ ಕೂತೆವು. ಪೇಪರಿನಲ್ಲಿ ಫೋಟೊ ಬಂತು. ಒಂದು ವಾರ ಬಸ್ ನಿಂತಿತು, ಆಮೇಲೆ ಮತ್ತೆ ಅದೇ ಕಥೆ. ಜಗತ್ತನ್ನೇ ಬದಲಿಸಿದ ಹುಡುಗ ಹುಡುಗಿಯರ ವಿಡಿಯೊ ನೋಡುತ್ತಿರುತ್ತೇನೆ. ನಮ್ಮ ಕೈಲಿ ಒಂದು ಬಸ್ ನಿಲ್ಲಿಸೋಕೂ ಆಗಲಿಲ್ಲವಲ್ಲ ಅನಿಸುತ್ತದೆ. ಸಂಘ ರಿಜಿಸ್ಟರ್ ಮಾಡಿಸಿದರೆ ಏನಾದರೂ ಆಗುತ್ತಾ ಸರ್? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಸುಲಭದ ಪ್ರಶ್ನೆ ಮುಗಿಸಿಬಿಡೋಣ. ಸಂಘ ರಿಜಿಸ್ಟರ್ ಮಾಡಿಸುವುದು ಈಗ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಇದ್ದರೆ ಸಂಘ ಆಗುತ್ತದೆ, ನಿಜ. ಆದರೆ ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಅಂತ ಓಡಾಡುತ್ತಿರಬೇಕು. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಅನ್ನೋದರಲ್ಲೇ ಎಷ್ಟೋ ಗುಂಪುಗಳು ಒಡೆದಿವೆ. ಮುಂದೆ ದೇಣಿಗೆ ಎತ್ತುವುದಿದ್ದರೆ, ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕಾದರೆ ಆಗ ನೋಡಿಕೊಳ್ಳಿ. ಬಸ್ ಕೇಳೋಕೆ ನೋಂದಣಿ ಬೇಕಿಲ್ಲ.

ಇನ್ನು ಆ ವಿಡಿಯೊಗಳ ವಿಷಯ. ಅವುಗಳಲ್ಲಿ ಭಾಷಣ ಇರುತ್ತದೆ, ಚಪ್ಪಾಳೆ ಇರುತ್ತದೆ. ನಡುವೆ ನಡೆದ ಕೆಲಸ ಇರುವುದಿಲ್ಲ. 2018ರ ಆಗಸ್ಟ್ 20ರಂದು 15 ವರ್ಷದ ಗ್ರೆಟಾ ಥನ್‌ಬರ್ಗ್ ಹವಾಮಾನ ಬದಲಾವಣೆ ತಡೆಯಿರಿ ಅಂತ ಸ್ವೀಡನ್ನಿನ ಸಂಸತ್ತಿನ ಮುಂದೆ ಒಬ್ಬಳೇ ಕೂತ ಫೋಟೊ ನೀವೂ ನೋಡಿರುತ್ತೀರಿ. ಸೆಪ್ಟೆಂಬರ್ 9ಕ್ಕೆ ಅಲ್ಲಿ ಚುನಾವಣೆ ಇತ್ತು, ಅಲ್ಲಿಯವರೆಗೆ ಅವಳು ಶಾಲೆಗೆ ಹೋಗದೆ ದಿನವೂ ಅಲ್ಲೇ ಬಂದು ಕೂರುತ್ತಿದ್ದಳು ಅನ್ನೋದನ್ನು ಎಷ್ಟು ವಿಡಿಯೊ ಹೇಳುತ್ತವೆ? ಯಾವ ಹೊತ್ತಿಗೆ, ಯಾವ ಬಾಗಿಲ ಮುಂದೆ ಕೂರಬೇಕು ಅನ್ನೋದನ್ನು ಅವಳು ಯೋಚಿಸಿಯೇ ಹೋಗಿದ್ದಳು.

ನಿಮಗೆ ಇನ್ನೂ ಹತ್ತಿರ ಅನಿಸುವ ಒಬ್ಬ ಹುಡುಗಿಯ ಕಥೆ ಇದೆ. ನಮ್ಮ ಕಡೆ ಅವಳ ಹೆಸರು ಕೇಳಿದವರು ಕಡಿಮೆ. ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನ ಬಾರ್ಬರಾ ಜಾನ್ಸ್. ಆಗ ಅಲ್ಲಿ ಬಿಳಿಯ ಮಕ್ಕಳಿಗೆ ಬೇರೆ ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಬಾರ್ಬರಾ ಓದುತ್ತಿದ್ದ ಮೋಟನ್ ಹೈಸ್ಕೂಲನ್ನು 1939ರಲ್ಲಿ ಕಟ್ಟಿದ್ದು 180 ಮಕ್ಕಳಿಗೆ. 1951ರ ಹೊತ್ತಿಗೆ ಅಲ್ಲಿದ್ದವರು 450 ಜನ. ಜಾಗ ಸಾಲದೆ ಅಂಗಳದಲ್ಲಿ ಡಾಂಬರು ಕಾಗದ ಹೊದೆಸಿದ ಶೆಡ್ಡುಗಳನ್ನು ಎಬ್ಬಿಸಿದ್ದರು. ಮಳೆ ಬಂದರೆ ಸೋರುತ್ತಿತ್ತು. ಪ್ರಯೋಗಶಾಲೆ ಇಲ್ಲ, ಊಟದ ಹಾಲ್ ಇಲ್ಲ. ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಶಾಲಾ ಮಂಡಳಿಗೆ ಕೇಳುತ್ತಲೇ ಇದ್ದರು. ಮಂಡಳಿ ನೋಡೋಣ ಅನ್ನುತ್ತಲೇ ಇತ್ತು.

ಒಂದು ಬೆಳಿಗ್ಗೆ ಬಾರ್ಬರಾ ಊಟದ ಡಬ್ಬಿ ಮರೆತು ಮನೆಗೆ ಓಡಿದಳು. ಅಷ್ಟರಲ್ಲಿ ಅವಳ ಶಾಲೆಯ ಬಸ್ ಹೊರಟುಹೋಯಿತು. ಯಾರಾದರೂ ಕರೆದುಕೊಂಡು ಹೋಗಲಿ ಅಂತ ರಸ್ತೆ ಬದಿ ಕಾಯುತ್ತಾ ನಿಂತಳು. ಆಗ ಬಿಳಿಯ ಮಕ್ಕಳ ಶಾಲೆಯ ಬಸ್, ಅರ್ಧ ಖಾಲಿ, ಅವಳ ಮುಂದೆಯೇ ಹಾದುಹೋಯಿತು. ಅವತ್ತೇ ಏನಾದರೂ ಮಾಡಲೇಬೇಕು ಅಂತ ತೀರ್ಮಾನಿಸಿದೆ ಎಂದು ಅವಳು ಮುಂದೆ ಬರೆದಿಟ್ಟಿದ್ದಾಳೆ.

1951ರ ಏಪ್ರಿಲ್ 23. ಆಗ ಅವಳಿಗೆ 16 ವರ್ಷ. ಪೇಟೆಯಲ್ಲಿ ನಿಮ್ಮ ಶಾಲೆಯ ಹುಡುಗರಿಗೆ ಏನೋ ತೊಂದರೆಯಾಗಿದೆ ಅಂತ ಪ್ರಿನ್ಸಿಪಾಲರಿಗೆ ಫೋನ್ ಬಂತು. ಅವರು ಗಡಿಬಿಡಿಯಲ್ಲಿ ಹೊರಟರು. ಫೋನ್ ಮಾಡಿಸಿದ್ದು ಈ ಮಕ್ಕಳೇ! ಅವರು ಅತ್ತ ಹೋಗುತ್ತಲೇ ಎಲ್ಲರನ್ನೂ ಹಾಲಿಗೆ ಕರೆದರು. ಶಿಕ್ಷಕರನ್ನು ಹೊರಗೆ ಕಳಿಸಿ ಬಾರ್ಬರಾ ವೇದಿಕೆ ಹತ್ತಿದಳು. ಇಡೀ ಶಾಲೆ ಮುಷ್ಕರಕ್ಕೆ ಇಳಿಯಿತು. ಎರಡು ವಾರ ನಡೆಯಿತು.

ನಿಮಗೆ ಪಾಠ ಇರುವುದು ಇದರ ಮುಂದಿನ ಭಾಗದಲ್ಲಿ. ಮುಷ್ಕರ ಶುರುವಾದ ದಿನವೇ ಈ ಮಕ್ಕಳು ಎನ್‌ಎಎಸಿಪಿ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರಿಗೆ ಪತ್ರ ಬರೆದಿದ್ದರು. ಕೇಳಿದ್ದು ಹೊಸ ಕಟ್ಟಡ. ವಕೀಲರು ಬಂದು ಒಂದು ಷರತ್ತು ಹಾಕಿದರು: ಕಟ್ಟಡಕ್ಕಾಗಿ ನಾವು ಕೇಸ್ ಹಾಕುವುದಿಲ್ಲ, ಬೇರೆ ಬೇರೆ ಶಾಲೆ ಅನ್ನುವ ಪದ್ಧತಿಯೇ ತಪ್ಪು ಅಂತ ಕೇಳುವುದಾದರೆ ಹಾಕುತ್ತೇವೆ. ಮಕ್ಕಳೂ ಪಾಲಕರೂ ಒಪ್ಪಿದರು. ಮೇ 23ಕ್ಕೆ 117 ವಿದ್ಯಾರ್ಥಿಗಳ ಹೆಸರಿನಲ್ಲಿ ದಾವೆ ದಾಖಲಾಯಿತು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಣ್ಣದ ಬೇಲಿ ಸಂವಿಧಾನಕ್ಕೆ ವಿರುದ್ಧ ಅಂತ ಕೊಟ್ಟ ತೀರ್ಪಿನಲ್ಲಿ ಐದು ಕೇಸ್ ಸೇರಿದ್ದವು. ವಿದ್ಯಾರ್ಥಿಗಳೇ ಶುರು ಮಾಡಿದ್ದು ಇದೊಂದೇ.

ಮುಷ್ಕರದಿಂದ ಗದ್ದಲ ಆಯಿತು. ಉಳಿದುಕೊಂಡಿದ್ದು 117 ಹೆಸರಿದ್ದ ಆ ಕಾಗದ. ನೀವು ರಸ್ತೆಯಲ್ಲಿ ಕೂತದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಅದರಿಂದ ಒಂದು ವಾರ ಬಸ್ ನಿಂತಿತು, ಅಂದರೆ ಗದ್ದಲಕ್ಕೆ ಎಷ್ಟು ಬೆಲೆಯೋ ಅಷ್ಟು ಸಿಕ್ಕಿತು. ಆದರೆ ನಿಮ್ಮ ಪತ್ರದಲ್ಲಿ ನಾನು ಹುಡುಕಿದ ಒಂದು ಸಾಲು ಸಿಗಲಿಲ್ಲ. ಯಾರಿಗೆ, ಎಂದು, ಏನು ಅಂತ ಬರೆದು ಕೊಟ್ಟಿರಿ?

ಈಗ ನಿಮ್ಮ ಬಸ್ಸಿಗೆ ಬರೋಣ. ಡಿಪೋದವರಿಗೆ ನಿಮ್ಮ ರೂಟಿನ ಲೆಕ್ಕ ಚೆನ್ನಾಗಿ ಗೊತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದರೂ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ ಅಲ್ವಾ? ಆ ಟಿಕೆಟ್ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುತ್ತದೆ. ಹಾಗಾಗಿ ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು ಅನ್ನೋದು ಟಿಕೆಟ್ ಮಷಿನ್‌ನಲ್ಲಿ ದಾಖಲಾಗುತ್ತದೆ. ಹುಡುಗರ ವಿದ್ಯಾರ್ಥಿ ಪಾಸ್ ಲೆಕ್ಕವೂ ನಿಗಮದ ಹತ್ತಿರ ಇರುತ್ತದೆ.

ಆದರೆ ಹತ್ತಿದವರ ಲೆಕ್ಕ ಮಾತ್ರ ಇರುತ್ತದೆ. ಹತ್ತಲಾಗದೆ ಸ್ಟಾಪಿನಲ್ಲೇ ಉಳಿದವರಿಗೆ ಟಿಕೆಟ್ ಇಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. ನಿಲ್ಲಿಸದೆ ಹೋದ ದಿನ ನಿಮ್ಮ ಸ್ಟಾಪಿನ ಎದುರು ಸೊನ್ನೆ ಇರುತ್ತದೆ. ಕಚೇರಿಯಲ್ಲಿ ಕೂತು ನೋಡುವವರಿಗೆ ಅದು ‘ಈ ಊರಿನಿಂದ ಇವತ್ತು ಯಾರೂ ಬರಲಿಲ್ಲ’ ಅಂತಲೇ ಕಾಣುತ್ತದೆ! ನೀವು ಎಷ್ಟು ಜಾಸ್ತಿ ತೊಂದರೆಪಟ್ಟಿರೋ ಅಷ್ಟು ಕಡಿಮೆ ಬೇಡಿಕೆ ಅಂತ ದಾಖಲೆ ಹೇಳುತ್ತದೆ. ಈ ಸೊನ್ನೆಯನ್ನು ತಿದ್ದಲು ಡಿಪೋದಿಂದ ಯಾರೂ ಬರುವುದಿಲ್ಲ. ದಿನಾ ಆ ಸ್ಟಾಪಿನಲ್ಲಿ ನಿಲ್ಲುವ ನಿಮಗೆ ಮಾತ್ರ ಅದು ಸಾಧ್ಯ.

ಒಂದು ಉದ್ದನೆ ನೋಟ್‌ಬುಕ್ ತನ್ನಿ. ಕಾಲೇಜು ನಡೆಯುವ ನಾಲ್ಕು ವಾರ ಪ್ರತಿದಿನ ಬರೆಯಿರಿ: ತಾರೀಖು, ಬಸ್ ಬಂದ ಸಮಯ, ಬಸ್ಸಿನ ನಂಬರ್, ನಿಂತಿತೋ ಇಲ್ಲವೋ, ಸ್ಟಾಪಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಹತ್ತಿದರು, ಉಳಿದವರು ಆಮೇಲೆ ಹೇಗೆ ಹೋದರು ಅಥವಾ ಮನೆಗೆ ವಾಪಸ್ ಹೋದರಾ. ಟೆಂಪೋಗೆ ಕೊಟ್ಟ ದುಡ್ಡು ಬರೆಯಿರಿ. ಮೊದಲ ಪೀರಿಯಡ್ ತಪ್ಪಿದ್ದರೆ ಅದನ್ನೂ ಬರೆಯಿರಿ. ಸಂತೆ ದಿನ, ಹಬ್ಬದ ಹಿಂದಿನ ದಿನ ಆಗಿದ್ದರೆ ಪಕ್ಕದಲ್ಲಿ ಗುರುತು ಮಾಡಿ, ಯಾಕಂದ್ರೆ ಅವತ್ತಿನ ರಶ್ಶೇ ಬೇರೆ. ದಿನಕ್ಕೆ ಇಬ್ಬರು ಸಹಿ ಹಾಕಿ. ಬಸ್ ಸರಿಯಾಗಿ ನಿಂತು ಎಲ್ಲರೂ ಹತ್ತಿದ ದಿನವನ್ನೂ ತಪ್ಪದೆ ಬರೆಯಿರಿ. ಬರೀ ಕೆಟ್ಟ ದಿನಗಳೇ ಇರುವ ಪಟ್ಟಿಯನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ.

ಹಿಂದಿನ ಎರಡು ಮೂರು ಊರುಗಳಲ್ಲೂ ನಿಮ್ಮ ಕಾಲೇಜಿಗೆ ಬರುವವರು ಇರುತ್ತಾರಲ್ಲ, ಅವರ ಕೈಯಲ್ಲೂ ಇದೇ ಲೆಕ್ಕ ಬರೆಸಿ. ಬಸ್ ಎಲ್ಲಿ ತುಂಬುತ್ತಿದೆ ಅನ್ನೋದು ಗೊತ್ತಾದರೆ ಪರಿಹಾರ ಬೇರೆಯೇ ಕಾಣಬಹುದು. ಹೊಸ ಬಸ್ ಬೇಕು ಅಂದರೆ ಡಿಪೋ ಮ್ಯಾನೇಜರ್ ‘ಬಸ್ ಇಲ್ಲ, ಸಿಬ್ಬಂದಿ ಇಲ್ಲ’ ಅನ್ನಬಹುದು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಹತ್ತಿರದ ಇನ್ನೊಂದು ರೂಟಿನ ಬಸ್ ನಿಮ್ಮೂರ ಮೇಲೆ ಹೋಗುವಂತೆ ಮಾಡುವುದು, ಒಂಬತ್ತೂವರೆಗೆ ಖಾಲಿ ಓಡುವ ಟ್ರಿಪ್ಪನ್ನು ಎಂಟೂವರೆಗೆ ತರುವುದು, ನಡುವಿನ ಊರಿನಿಂದಲೇ ಒಂದು ಟ್ರಿಪ್ ಹೊರಡಿಸುವುದು ಅವರ ಕೈಯಲ್ಲೇ ಇರುವ ದಾರಿಗಳು. ಇದರಲ್ಲಿ ಯಾವುದು ಆಗುತ್ತದೆ ಅಂತ ಕೇಳಬೇಕಾದದ್ದು ಡ್ರೈವರ್ ಕಂಡಕ್ಟರರನ್ನು. ದಿನವೂ ಬೈಸಿಕೊಳ್ಳುವವರು ಅವರೇ, ರೂಟಿನ ನಾಡಿ ಗೊತ್ತಿರುವವರೂ ಅವರೇ. ಅರ್ಜಿಯಲ್ಲಿ ಅವರ ಮೇಲೆ ದೂರು ಬರೆಯಬೇಡಿ. ದೂರು ಬರೆದರೆ ಒಬ್ಬ ಕಂಡಕ್ಟರಿಗೆ ನೋಟಿಸ್ ಹೋಗುತ್ತದೆ, ಕಡತ ಮುಚ್ಚುತ್ತದೆ, ಬಸ್ ಮಾತ್ರ ಹಾಗೇ ತುಂಬಿ ಬರುತ್ತಿರುತ್ತದೆ.

ಅರ್ಜಿ ಒಂದೇ ಪುಟ ಇರಲಿ. ಡಿಪೋ ಮ್ಯಾನೇಜರಿಗೆ ಬರೆಯಿರಿ, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪ್ರತಿ ಕಳಿಸಿ. ಒಂದೇ ಬೇಡಿಕೆ ಇಡಿ. ಬಸ್ ಜೊತೆಗೆ ರಸ್ತೆ ಗುಂಡಿ, ಸ್ಟಾಪಿಗೆ ಶೆಲ್ಟರ್, ಬೀದಿ ದೀಪ ಎಲ್ಲ ಸೇರಿಸಿದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಉತ್ತರಿಸೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ನಾಲ್ಕು ವಾರದ ಲೆಕ್ಕದ ಪಟ್ಟಿ ಹಿಂದೆ ಇರಲಿ. ಈ ರೂಟಿನಿಂದ ಬರುವ ವಿದ್ಯಾರ್ಥಿಗಳ ಸಂಖ್ಯೆ, ತರಗತಿ ಶುರುವಾಗುವ ಹೊತ್ತು ಇವನ್ನು ಬರೆದು ಕಾಲೇಜು ಪ್ರಿನ್ಸಿಪಾಲರಿಂದ ಒಂದು ಪತ್ರ ತನ್ನಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ‘ಇಟ್ಟು ಹೋಗಮ್ಮ, ನೋಡ್ತೀವಿ’ ಅಂತಾರೆ. ನಗುತ್ತಲೇ ನಿಂತಿರಿ.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಬಸ್ ಬಿಡುತ್ತಿಲ್ಲ’ ಅಂತ ಕೇಳಬೇಡಿ. ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ದಾಖಲೆಯ ಪ್ರತಿ ಸಿಗುತ್ತದೆ. ಆ ರೂಟಿನ ಈಗಿನ ಶೆಡ್ಯೂಲ್, ಕಳೆದ ಮೂರು ತಿಂಗಳಲ್ಲಿ ರದ್ದಾದ ಟ್ರಿಪ್ಪುಗಳ ಪಟ್ಟಿ, ನಿಮ್ಮ ಅರ್ಜಿಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಯ ಪ್ರತಿ, ಇಷ್ಟು ಕೇಳಿ. 30 ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಇದೆ.

ಇನ್ನೊಂದು ಬಾಗಿಲು ನಿಮ್ಮೂರಲ್ಲೇ ಇದೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ? ಇದ್ದರೆ ನೀವು ಗ್ರಾಮಸಭೆಯ ಸದಸ್ಯೆ. ಯಾರ ಆಹ್ವಾನವೂ ಬೇಕಿಲ್ಲ. ಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕು. ಬಸ್ ಬಿಡುವ ಅಧಿಕಾರ ಪಂಚಾಯಿತಿಗೆ ಇಲ್ಲ, ಆದರೆ ಬಸ್ ಬೇಕು ಅಂತ ನಿರ್ಣಯ ಮಾಡಿ ಡಿಪೋಗೆ ಕಳಿಸಬಹುದು. ನೀವು ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಬಂತಾ ಅಂತ ಪಿಡಿಒ ಹತ್ತಿರ ಹೋಗಿ ನೋಡಿ. ಬರೆಯದೆ ಹೋದರೆ ಅದು ಸುಮ್ನೆ ಮಾತಾಡಿದ ಹಾಗೆ.

ಹದಿನೆಂಟು ತುಂಬದವರಿಗೂ ದಾರಿ ಇದೆ, ಅದು ಮಕ್ಕಳ ಗ್ರಾಮಸಭೆ. ಈ ದಾರಿ ಹುಟ್ಟಿದ್ದು ನಮ್ಮ ಕುಂದಾಪುರದ ಕಡೆಯಿಂದ ಅನ್ನೋದು ಹೆಚ್ಚು ಜನರಿಗೆ ಗೊತ್ತಿಲ್ಲ. 1990ರ ಆಸುಪಾಸಿನಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ‘ಭೀಮ ಸಂಘ’ ಅಂತ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಬೆನ್ನಿಗೆ ನಿಂತದ್ದು ‘ದಿ ಕನ್‌ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ. ಕೆಲ ವರ್ಷಗಳಲ್ಲಿ ಕುಂದಾಪುರ ಭಾಗದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳೇ ಚುನಾವಣೆ ಮಾಡಿ ಪ್ರತಿನಿಧಿಗಳನ್ನು ಆರಿಸಿ, ತಮ್ಮ ಕಷ್ಟಗಳನ್ನು ದೊಡ್ಡವರ ಪಂಚಾಯಿತಿಯ ಮುಂದೆ ಇಡುತ್ತಿದ್ದರು. 1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರಕ್ಕೇ ಬಂದು ಸಭೆ ಸೇರಿ ಹತ್ತು ಅಂಶಗಳ ಒಂದು ಹೇಳಿಕೆ ಹೊರಡಿಸಿದರು. ನಮ್ಮ ಕಷ್ಟಗಳನ್ನೂ ನಮ್ಮ ಪ್ರಸ್ತಾವಗಳನ್ನೂ ಗಣನೆಗೆ ತಗೊಳ್ಳಿ ಅನ್ನೋದು ಅದರ ಮೊದಲ ಅಂಶ. ಮಕ್ಕಳು ಮಾಡಿದ ವಸ್ತುಗಳನ್ನು ಬಹಿಷ್ಕರಿಸುವುದಕ್ಕೆ ನಮ್ಮ ವಿರೋಧ ಇದೆ ಅಂತಲೂ ಅವರು ಹೇಳಿದರು. ಮಕ್ಕಳಿಗಾಗಿ ಮಾತಾಡುತ್ತಿದ್ದ ಎಷ್ಟೋ ದೊಡ್ಡವರಿಗೆ ಅದು ಹಿಡಿಸುವ ಮಾತಾಗಿರಲಿಲ್ಲ. ಆದರೆ ಕೆಲಸ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಗೊತ್ತಿದ್ದದ್ದು ಆ ಮಕ್ಕಳಿಗೆ ತಾನೆ?

2006ರಲ್ಲಿ ರಾಜ್ಯ ಸರ್ಕಾರ ಮಕ್ಕಳ ಗ್ರಾಮಸಭೆ ನಡೆಸುವಂತೆ ಎಲ್ಲ ಪಂಚಾಯಿತಿಗಳಿಗೂ ಸುತ್ತೋಲೆ ಕಳಿಸಿತು. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ ನಡೆಯುತ್ತದೆ. ಎಷ್ಟೋ ಕಡೆ ಹಾಡು, ಭಾಷಣ, ಬಿಸ್ಕತ್ತು ಹಂಚಿ ಮುಗಿಸಿಬಿಡುತ್ತಾರೆ, ಅದೂ ನಿಜ. ಆದರೆ ಎದ್ದು ನಿಂತು ಕೇಳಿದ ಮಕ್ಕಳಿಗೆ ಶೌಚಾಲಯಕ್ಕೆ ನೀರು, ಶಾಲೆಗೆ ಕಾಂಪೌಂಡ್ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ತಮ್ಮ ತಂಗಿ ಇದ್ದರೆ, ಅವರೂ ಅದೇ ಬಸ್ಸಿಗೆ ಕಾಯುವವರಾದರೆ, ನೋಟ್‌ಬುಕ್ಕಿನ ಲೆಕ್ಕವನ್ನು ಅವರೂ ಅಲ್ಲಿ ಓದಲಿ.

‘ಜಗತ್ತನ್ನೇ ಬದಲಿಸಿದ’ ಅಂತ ಬರೆದಿದ್ದೀರಲ್ಲ, ಅದಕ್ಕೆ ಈಚಿನ ಒಂದು ಸಂಗತಿ ಹೇಳುತ್ತೇನೆ. 2019ರಲ್ಲಿ ಪೆಸಿಫಿಕ್ ಸಾಗರದ ವನುವಾಟು ಎಂಬ ದ್ವೀಪರಾಷ್ಟ್ರದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳಿಗೆ ಒಂದು ಯೋಚನೆ ಬಂತು. ಸಮುದ್ರ ಏರಿ ನಮ್ಮ ದ್ವೀಪಗಳು ಮುಳುಗುತ್ತಿವೆ, ಹವಾಮಾನದ ವಿಷಯದಲ್ಲಿ ದೇಶಗಳ ಕಾನೂನಿನ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿದರೆ ಹೇಗೆ? ಆದರೆ ವಿದ್ಯಾರ್ಥಿಗಳು ಆ ಕೋರ್ಟಿಗೆ ಹೋಗುವಂತಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೇಳಬಹುದು. ಸಾಮಾನ್ಯ ಸಭೆಯಲ್ಲಿ ಪ್ರಸ್ತಾಪಿಸಲು ಒಂದು ದೇಶ ಬೇಕು. ಅವರು ಪೆಸಿಫಿಕ್ ದೇಶಗಳ ನಾಯಕರಿಗೆ ಪತ್ರ ಬರೆದರು. ಕೈಹಿಡಿದದ್ದು ವನುವಾಟು ಸರ್ಕಾರ. 2023ರ ಮಾರ್ಚ್ 29ರಂದು ಸಾಮಾನ್ಯ ಸಭೆ ಆ ನಿರ್ಣಯವನ್ನು ಯಾರ ವಿರೋಧವೂ ಇಲ್ಲದೆ ಒಪ್ಪಿತು, 130ಕ್ಕೂ ಹೆಚ್ಚು ದೇಶಗಳು ಜೊತೆಗೆ ನಿಂತಿದ್ದವು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಇದು ಸಲಹೆಯ ರೂಪದ್ದು, ಪಾಲಿಸಲೇಬೇಕು ಅನ್ನೋ ಆದೇಶ ಅಲ್ಲ. ಆದರೂ ಬೇರೆ ಬೇರೆ ದೇಶಗಳ ಕೋರ್ಟುಗಳಲ್ಲಿ ವಕೀಲರ ಕೈಗೆ ಒಂದು ಆಧಾರ ಸಿಕ್ಕಿತು. ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ತರಗತಿಯವರ ಓದು ಮುಗಿದಿತ್ತು, ಕೆಲಸವನ್ನು ಹೊಸಬರೂ ಸೇರಿ ಮುಂದುವರಿಸಿದರು.

ನಿಮ್ಮದು ಅಷ್ಟು ದೊಡ್ಡದಲ್ಲ ಅಂತ ಕುಗ್ಗಬೇಡಿ. ಆದರೆ ಕೊನೆಯ ಮಾತನ್ನು ಗಮನಿಸಿ. ನೀವು ಎರಡನೇ ವರ್ಷ. ಇನ್ನು ಸ್ವಲ್ಪ ದಿನಕ್ಕೆ ಡಿಗ್ರಿ ಮುಗಿಸಿ ಹೊರಡುತ್ತೀರಿ. ಈಗಲೇ ಗುಂಪಿಗೆ ಪಿಯುಸಿಯವರನ್ನು, ಮೊದಲ ವರ್ಷದವರನ್ನು ಸೇರಿಸಿಕೊಳ್ಳಿ, ನೋಟ್‌ಬುಕ್ ಅವರ ಕೈಗೂ ಹೋಗಲಿ. ಬಸ್ ಸಿಕ್ಕ ಮೇಲೂ ಎರಡು ತಿಂಗಳು ಲೆಕ್ಕ ಬರೆಯುವುದನ್ನು ನಿಲ್ಲಿಸಬೇಡಿ. ಹೊಸ ಟ್ರಿಪ್ ಸದ್ದಿಲ್ಲದೆ ನಿಂತುಹೋಗುವುದು ಆಗಲೇ.

ಬೆಲೆ ಕೊಡಬೇಕಾಗುತ್ತದೆ ಅನ್ನೋದನ್ನು ಮುಚ್ಚಿಡುವುದಿಲ್ಲ. ಬಾರ್ಬರಾಳ ಜೀವಕ್ಕೆ ಅಪಾಯ ಅಂತ ಹೆದರಿ ಅವಳ ಅಪ್ಪ ಅಮ್ಮ ಅವಳನ್ನು ದೂರದ ಅಲಬಾಮಾದಲ್ಲಿದ್ದ ಅಪ್ಪನ ಸೋದರನ ಮನೆಗೆ ಕಳಿಸಿಬಿಟ್ಟರು. ಕೇಸ್ ಗೆದ್ದ ಮೇಲೂ ಆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆಡಳಿತ ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ಮುಚ್ಚುವುದೇ ಮೇಲು ಅಂತ 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿತು. ಐದು ವರ್ಷ ಶಾಲೆ ಇರಲಿಲ್ಲ. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಬಂತು, ಉಳಿದವರಲ್ಲಿ ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತುಹೋಯಿತು. ಬಾರ್ಬರಾ ಮುಂದೆ ಲೈಬ್ರರಿಯನ್ ಆಗಿ ಕೆಲಸ ಮಾಡಿ 1991ರಲ್ಲಿ ತೀರಿಕೊಂಡರು. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನಿಂತಿದ್ದ, ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣ ರಾಜ್ಯಗಳ ಸೇನಾಪತಿ ಜನರಲ್ ಲೀ ಪ್ರತಿಮೆಯನ್ನು 2020ರಲ್ಲಿ ತೆಗೆದರು. ಆ ಜಾಗಕ್ಕೆ ಆರಿಸಿದ್ದು ಇವರನ್ನು.

ನಿಮ್ಮೂರಲ್ಲಿ ಅಂಥದ್ದೇನೂ ಆಗಲಿಕ್ಕಿಲ್ಲ. ಆದರೆ ‘ಹುಡುಗಿಗೆ ಇದೆಲ್ಲಾ ಯಾಕೆ ಬೇಕಿತ್ತು’ ಅನ್ನೋ ಮಾತು ನಿಮ್ಮ ಅಪ್ಪನ ಕಿವಿಗೆ ಬೀಳುತ್ತದೆ. ಅದು ಬೀಳುವ ಮೊದಲೇ ಮನೆಯಲ್ಲಿ ನೀವೇ ಹೇಳಿಬಿಡಿ, ನೋಟ್‌ಬುಕ್ ತೋರಿಸಿ. ಡಿಪೋಗೆ ಒಬ್ಬರೇ ಹೋಗಬೇಡಿ. ನಾಲ್ಕು ಜನ ಹೋಗಿ, ಸಾಧ್ಯವಾದರೆ ಕಾಲೇಜಿನ ಒಬ್ಬ ಉಪನ್ಯಾಸಕರನ್ನೋ ಪಂಚಾಯಿತಿಯ ಮಹಿಳಾ ಸದಸ್ಯೆಯನ್ನೋ ಜೊತೆಗೆ ಕರೆದುಕೊಳ್ಳಿ. ಸಹಿಗಳು ಮೇಲಿನಿಂದ ಕೆಳಗೆ ಒಂದೊಂದಾಗಿ ಬರುವ ಬದಲು ವೃತ್ತಾಕಾರದಲ್ಲಿ ಇರಲಿ, ಮೊದಲು ಯಾರು ಹಾಕಿದರು ಅಂತ ಗೊತ್ತಾಗುವುದಿಲ್ಲ. ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಪರೀಕ್ಷೆ ಬಂದಾಗ ಓದಿಕೊಳ್ಳಿ, ಲೆಕ್ಕ ಬೇರೆಯವರು ಬರೆಯಲಿ.

ಕಾಲೇಜು ಬಿಟ್ಟ ನಿಮ್ಮ ಇಬ್ಬರು ಗೆಳತಿಯರ ವಿಷಯ ಬಸ್ಸಿಗಿಂತ ಅವಸರದ್ದು. ಬಸ್ ಬರುವವರೆಗೆ ಅದು ಕಾಯುವುದಿಲ್ಲ. ಟಿ.ಸಿ. ತಗೊಂಡಿದ್ದಾರಾ, ಅಥವಾ ಸುಮ್ನೆ ಬರುವುದನ್ನು ನಿಲ್ಲಿಸಿದ್ದಾರಾ? ಟಿ.ಸಿ. ತಗೊಂಡಿಲ್ಲ ಅಂದರೆ ಈ ವಾರವೇ ಪ್ರಿನ್ಸಿಪಾಲರನ್ನು ಕಂಡು ಹಾಜರಾತಿಗೆ ಏನು ಮಾಡಬಹುದು, ಪರೀಕ್ಷೆ ಶುಲ್ಕ ಕಟ್ಟುವ ಕೊನೆಯ ದಿನ ಯಾವಾಗ ಅಂತ ಕೇಳಿ. ಅದು ಆಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಿಂದಲೇ ಪದವಿ ಓದಬಹುದು. ಪ್ರವೇಶದ ದಿನಾಂಕ ವಿಚಾರಿಸಿ. ಅವರ ಅಮ್ಮಂದಿರ ಜೊತೆ ಒಂದು ಸಲ ಕೂತು ಮಾತಾಡಿ, ಬಸ್ ಬಿಟ್ಟು ಬೇರೆ ಕಾರಣವೂ ಇರಬಹುದು. ಮತ್ತೆ, ಅರ್ಜಿಯಲ್ಲಿ ‘ಇಬ್ಬರು ವಿದ್ಯಾರ್ಥಿನಿಯರು ಓದು ಬಿಟ್ಟಿದ್ದಾರೆ’ ಅಂತ ಬರೆಯುವ ಮುಂಚೆ, ಹೆಸರು ಹಾಕಬಹುದಾ ಬೇಡವಾ ಅಂತ ಅವರನ್ನೇ ಕೇಳಿ.